ಪಿಕಪ್‌ಗೇ ಪಿಕಪ್ ಇಲ್ಲ: 35 ಇಂಚಿನ ಟೈರ್, 3.73ರ ಆಕ್ಸಲ್

ಗೆಳೆಯ ಗಾಡಿ ತಂದು ನಿಲ್ಲಿಸಿದವನೇ ಹೇಳಿದ ಮೊದಲ ಮಾತು, "ಪಿಕಪ್‌ಗೇ ಪಿಕಪ್ ಇಲ್ಲ ಕಣೋ." ನನಗೆ ನಗು ಬಂತು. ಅವನಿಗೆ ಬರಲಿಲ್ಲ. ಎಂಜಿನ್ ಸತ್ತಿದೆ ಅನ್ನೋದು ಅವನ ತೀರ್ಮಾನ. ಏರ್ ಫಿಲ್ಟರ್, ಪ್ಲಗ್, ಗೇರ್ ಆಯಿಲ್ ಎಲ್ಲಾ ಬದಲಾಯಿಸಿ ಆಗಿತ್ತು. ಏನೂ ವ್ಯತ್ಯಾಸ ಇಲ್ಲ.

ಗಾಡಿ ಸ್ವಲ್ಪ ಹಳೆಯದು. ಪೆಟ್ರೋಲ್ ಎಂಜಿನ್, ಫೋರ್ ವೀಲ್ ಡ್ರೈವ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಗೇರ್ ಅನುಪಾತಗಳು 3.06, 1.63, 1.00, 0.70. ಹಿಂದಿನ ಆಕ್ಸಲ್, ಮುಂದಿನ ಆಕ್ಸಲ್ ಎರಡೂ 3.73. ಕಂಪನಿ ಕೊಟ್ಟ ಟೈರ್ 265/70 ಆರ್ 17. ಅದನ್ನು ತೆಗೆಸಿ 35 × 12.50 ಆರ್ 17 ಹಾಕಿಸಿದ್ದ. ಅಲ್ಲಿಗೇ ನಿಲ್ಲಿಸಿದ್ದರೆ ಸರಿ. ಮುಂದೆ ಸ್ಟೀಲ್ ಬಂಪರ್, ಅದರ ಮೇಲೆ ವಿಂಚ್, ಹಿಂದಿನ ತೊಟ್ಟಿಗೆ ಎತ್ತರದ ಮುಚ್ಚಳ. ವಾರಕ್ಕೊಮ್ಮೆ ಇಷ್ಟರ ಹಿಂದೆ 1,400 ಕೆಜಿಯ ಟ್ರೇಲರ್ ಬೇರೆ.

ಅವನ ದೂರು ಹೀಗಿತ್ತು. ಸಣ್ಣ ಏರು ಸಿಕ್ಕರೂ ನಾಲ್ಕನೇ ಗೇರ್ ಬಿಟ್ಟು ಮೂರಕ್ಕೆ ಬೀಳುತ್ತೆ, ಎಂಜಿನ್ ಕಿರುಚುತ್ತೆ. ಏರು ಮುಗಿದ ತಕ್ಷಣ ನಾಲ್ಕಕ್ಕೆ ಹೋಗುತ್ತೆ, ಮತ್ತೆ ಬೀಳುತ್ತೆ. ದಿನವಿಡೀ ಇದೇ. ಮೈಲೇಜ್ 8.5ರಿಂದ 6.9ಕ್ಕೆ ಇಳಿದಿದೆ. ಯಾರೋ ಅವನಿಗೆ "35 ಹಾಕಿದ್ದೀಯಾ? ಹಾಗಾದ್ರೆ 4.88 ಹಾಕ್ಸು, ಕಣ್ಮುಚ್ಚಿ ಹಾಕ್ಸು" ಅಂದಿದ್ದರು. ಟೈರ್ ಸೈಜ್ ನೋಡಿ ಗೇರ್ ಹೇಳುವ ಚಾರ್ಟ್‌ಗಳೂ ಓಡಾಡುತ್ತವೆ, ನೀವೂ ನೋಡಿರಬಹುದು. ಅವುಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಈ ಅಂಕಿಗಳು ಏನು ಅಂತ ಹೊಸಬರಿಗೆ ಎರಡು ಮಾತು. 3.73 ಅಂದರೆ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತೆ. ಆಕ್ಸಲ್ ಒಳಗೆ ಒಂದನ್ನೊಂದು ಕಚ್ಚಿ ತಿರುಗುವ ಎರಡು ಗೇರ್ ಇವೆ. ಶಾಫ್ಟ್ ತುದಿಯ ಚಿಕ್ಕದು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಇಲ್ಲಿ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವುದೇ ಈ ಅಂಕಿ. 41 ಹಲ್ಲಿಗೆ 10 ಇಟ್ಟರೆ 4.10, 9 ಇಟ್ಟರೆ 4.56. 39 ಹಲ್ಲಿಗೆ 8 ಇಟ್ಟರೆ 4.88. ಅಂಕಿ ದೊಡ್ಡದಾದಷ್ಟೂ ಎಳೆತ ಜಾಸ್ತಿ. ಅದೇ ವೇಗಕ್ಕೆ ಎಂಜಿನ್ ಸುತ್ತುವುದೂ ಜಾಸ್ತಿ. ದೊಡ್ಡ ಟೈರ್ ಇದಕ್ಕೆ ತದ್ವಿರುದ್ಧ. ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಅಷ್ಟೇ ಪ್ರಮಾಣದಲ್ಲಿ ಎಳೆತ ಕಡಿಮೆ ಆಗುತ್ತೆ.

ಮೊದಲು ಅಳತೆ

ಟೈರ್ ಗೋಡೆ ಮೇಲೆ 35 ಅಂತ ಬರೆದಿದೆ ಅಂತ 35 ಅಂತಲೇ ಲೆಕ್ಕ ಹಾಕಬಾರದು. ಹೊಸ ಟೈರೂ ಸಾಮಾನ್ಯವಾಗಿ ಅದಕ್ಕಿಂತ ಒಂದಿಷ್ಟು ಕಮ್ಮಿಯೇ ಇರುತ್ತೆ. ಮೇಲೆ ಗಾಡಿಯ ಭಾರ ಬಿದ್ದಾಗ ಇನ್ನೂ ಕುಗ್ಗುತ್ತೆ. ನಾವು ಮಾಡಿದ್ದು ಹೀಗೆ. ಗಾಳಿ ಸರಿಯಾಗಿ ತುಂಬಿಸಿ, ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಟೈರ್ ನೆಲ ಮುಟ್ಟುವ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ. ಟೈರ್ ಮೇಲೂ ಒಂದು, ನೆಲದ ಮೇಲೂ ಒಂದು. ಅವನು ಗಾಡಿಯನ್ನು ಮೆಲ್ಲಗೆ ಮುಂದೆ ಬಿಟ್ಟ, ನಾನು ಬಗ್ಗಿಕೊಂಡು ಪಕ್ಕದಲ್ಲೇ ನಡೆದೆ. ಟೈರ್ ಮೇಲಿನ ಗೆರೆ ಮತ್ತೆ ಕೆಳಗೆ ಬಂದಾಗ ನೆಲದ ಮೇಲೆ ಎರಡನೇ ಗೆರೆ. ನಡುವೆ ಟೇಪ್ ಹಿಡಿದರೆ 2,680 ಮಿಲಿಮೀಟರ್. ಮೂರು ಸಲ ಮಾಡಿದೆವು, ನಾಲ್ಕೈದು ಮಿಲಿಮೀಟರ್ ಆಚೀಚೆ.

ಅದೃಷ್ಟಕ್ಕೆ ಹಳೆಯ ನಾಲ್ಕೂ ಟೈರನ್ನು ರಿಮ್ ಸಮೇತ ಇಟ್ಟುಕೊಂಡಿದ್ದ. ಅವನ್ನೂ ಹಾಕಿ ಅಳೆದೆವು. 2,450 ಮಿಲಿಮೀಟರ್.

ಅಂದರೆ ಹೊಸ ಟೈರ್ ಸುತ್ತಳತೆ 9.4 ಶೇಕಡಾ ಜಾಸ್ತಿ. ಬರೆದಿರುವ ಸೈಜ್ ನಂಬಿದ್ದರೆ (ಹಳೆಯದು ಲೆಕ್ಕದಲ್ಲಿ 31.6 ಇಂಚು ಬರುತ್ತೆ) 10.7 ಶೇಕಡಾ ಅನ್ನುತ್ತಿದ್ದೆವು. ವ್ಯತ್ಯಾಸ ಸಣ್ಣದೇ. ಆದರೆ ಎರಡು ಗೇರ್ ನಡುವೆ ತೂಗಾಡುತ್ತಿರುವಾಗ ಸಣ್ಣದೂ ಲೆಕ್ಕಕ್ಕೆ ಬರುತ್ತೆ.

ಅಳತೆ ಕೈಗೆ ಬಂದ ಮೇಲೆ ಮೊದಲು ಬಿದ್ದಿದ್ದು ಅವನ ಮೈಲೇಜ್ ದೂರು. ಈ ಗಾಡಿಯ ಸ್ಪೀಡ್ ಸೆನ್ಸರ್ ಇರುವುದು ಟ್ರಾನ್ಸ್‌ಫರ್ ಕೇಸ್‌ನ (ಎಳೆತವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಹೊರ ಶಾಫ್ಟ್‌ನಲ್ಲಿ. ಅದಕ್ಕೆ ಟೈರ್ ದೊಡ್ಡದಾಗಿದ್ದು ಗೊತ್ತಿಲ್ಲ. ನಿಜವಾಗಿ 90ರಲ್ಲಿ ಹೋಗುವಾಗ ಮೀಟರ್ 82 ತೋರಿಸುತ್ತೆ, 100 ಕಿಲೋಮೀಟರ್ ಹೋದರೆ 91 ಅಂತ ಬರೆದುಕೊಳ್ಳುತ್ತೆ. ಅವನ 6.9 ನಿಜದಲ್ಲಿ 7.5. ಒಂದೂವರೆಗಿಂತ ಜಾಸ್ತಿ ಕಳೆದುಕೊಂಡೆ ಅಂದುಕೊಂಡಿದ್ದವನು ಕಳೆದುಕೊಂಡಿದ್ದು ಒಂದು ಅಷ್ಟೇ. ಇದನ್ನು ಹೇಳಿದಾಗ ಮುಖ ಸ್ವಲ್ಪ ಅರಳಿತು.

ಆಕ್ಸಲ್ ನಿಜವಾಗಿ 3.73 ತಾನೇ? ಹಿಂದಿನ ಹೌಸಿಂಗ್ ಮೇಲೆ ಇರಬೇಕಾದ ಸಣ್ಣ ತಗಡಿನ ಚೀಟಿ ಕಾಣೆ. ಹಾಗಾಗಿ ಎಣಿಸಿ ನೋಡಿದೆವು. ಹ್ಯಾಂಡ್ ಬ್ರೇಕ್ ಬಿಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕ್ ಮೇಲೆ ಎತ್ತಿದೆವು. ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಲಾಕರ್ (ಎರಡನ್ನೂ ಒಟ್ಟಿಗೇ ಕಟ್ಟಿಹಾಕುವ ಸಾಧನ) ಇಲ್ಲದ ಮಾಮೂಲಿ ಡಿಫರೆನ್ಷಿಯಲ್ ಆದರೆ ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನಿಂತೇ ಇರುವುದರಿಂದ ಕ್ರೌನ್ ತಿರುಗುವುದು ಒಂದೇ ಸುತ್ತು. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತುತ್ತೋ ಅದೇ ಅನುಪಾತ. ಮೂರು ಸುತ್ತು ಮುಗಿದು, ನಾಲ್ಕನೆಯದು ಮುಕ್ಕಾಲಿನ ಹತ್ತಿರ ನಿಂತಿತು. ಸರಿ, 3.73.

ಲೆಕ್ಕ ಹೇಳಿದ್ದು, ಹೇಳದೇ ಇದ್ದದ್ದು

ಹಳೆಯ ಸ್ಥಿತಿಗೆ ಗಾಡಿಯನ್ನು ವಾಪಸ್ ತರಬೇಕು ಅಂದರೆ 3.73 ಅನ್ನು 1.094ರಿಂದ ಗುಣಿಸಿದರೆ ಆಯ್ತು. 4.08. ಅಂಗಡಿಯಲ್ಲಿ ಸಿಗುವ ಹತ್ತಿರದ ಅಂಕಿ 4.10. ಎಷ್ಟು ಅಚ್ಚುಕಟ್ಟು ಅಂದರೆ ನನಗೂ ಅಲ್ಲಿಗೇ ಮುಗಿಸೋಣ ಅನ್ನಿಸಿತ್ತು.

ನಿಜವಾದ 100 ಕಿಲೋಮೀಟರ್ ವೇಗದಲ್ಲಿ, ನಾಲ್ಕನೇ ಗೇರಿನಲ್ಲಿ, ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆ ನಡುವಿನ ಕೊಂಡಿ) ಜಾರದೆ ಲಾಕ್ ಆಗಿದ್ದಾಗ ಎಂಜಿನ್ ಎಷ್ಟು ಸುತ್ತುತ್ತೆ ಅನ್ನೋದು ಇಲ್ಲಿದೆ.

ಹಳೆ ಟೈರ್, 3.73: 1,776 ಆರ್‌ಪಿಎಂ
35ರ ಟೈರ್, 3.73: 1,624
35ರ ಟೈರ್, 4.10: 1,785
35ರ ಟೈರ್, 4.56: 1,983
35ರ ಟೈರ್, 4.88: 2,122

ಈಗಿನ 1,624ರಲ್ಲಿ ಎಂಜಿನ್‌ಗೆ ದಮ್ಮಿಲ್ಲ. ಒಂದು ಗೇರ್ ಕೆಳಗೆ ಬಿದ್ದರೆ ನೇರ 2,320. ನಾಲ್ಕೇ ಗೇರಿನ ಪೆಟ್ಟಿಗೆಯ ಕಷ್ಟವೇ ಇದು, ಮಧ್ಯದಲ್ಲಿ ನಿಲ್ಲೋಕೆ ಮೆಟ್ಟಿಲೇ ಇಲ್ಲ. ಎಂಟು ಹತ್ತು ಗೇರಿನ ಹೊಸ ಗಾಡಿಗಳಲ್ಲಿ ಒಂದು ಮೆಟ್ಟಿಲು ಇಳಿದರೂ ಗೊತ್ತೇ ಆಗುವುದಿಲ್ಲ. ಅಲ್ಲಿ ಈ ಪ್ರಕರಣದ ಲೆಕ್ಕವನ್ನು ಹಾಗೇ ಎತ್ತಿ ಹಾಕಬೇಡಿ.

ಅಂದರೆ ಅವನು "ಪಿಕಪ್ ಇಲ್ಲ" ಅಂದದ್ದು ಎಂಜಿನ್ ಬಗ್ಗೆ ಅಲ್ಲವೇ ಅಲ್ಲ. ಕಳೆದುಹೋಗಿದ್ದು ನಾಲ್ಕನೇ ಗೇರ್. ಹೆಸರಿಗೆ ಇದೆ, ಬಳಕೆಗೆ ಇಲ್ಲ. ಹಾಗಾಗಿ ಕೇಳಬೇಕಾದದ್ದು "35ಕ್ಕೆ ಯಾವ ಗೇರ್" ಅಂತ ಅಲ್ಲ. "ನೀನು ದಿನಾ ಓಡಿಸೋ ರಸ್ತೆಯಲ್ಲಿ, ನೀನು ಓಡಿಸೋ ವೇಗದಲ್ಲಿ, ನಿನ್ನ ಭಾರದ ಜೊತೆ ನಾಲ್ಕನೇ ಗೇರ್ ನಿಲ್ಲಬೇಕಾದರೆ ಎಷ್ಟು ಬೇಕು?" ಚಾರ್ಟ್‌ಗೆ ನಿಮ್ಮ ಟೈರ್ ಗೊತ್ತು. ನಿಮ್ಮ ಟ್ರೇಲರ್ ಗೊತ್ತಿಲ್ಲ.

ಹಳೆ ಟೈರ್ ಹಾಕಿ ನೋಡಿದ್ದು

ಗೇರ್ ಕೊಳ್ಳುವ ಮೊದಲೇ ಅದನ್ನು ಓಡಿಸಿ ನೋಡೋಕೆ ಆಗುತ್ತಾ? ಒಂದು ಮಟ್ಟಿಗೆ ಆಗುತ್ತೆ. ಹಳೆಯ ಟೈರ್ ಮೇಲೆ 3.73 ಅಂದರೆ 35ರ ಮೇಲೆ 4.08 ಇದ್ದ ಹಾಗೆ. ಅಂದರೆ ಹಳೆ ಟೈರ್ ಹಾಕಿ, ಉಳಿದ ಎಲ್ಲಾ ಭಾರವನ್ನು ಹಾಗೇ ಇಟ್ಟು ಓಡಿಸಿದರೆ 4.10 ಹೇಗಿರುತ್ತೆ ಅನ್ನೋದು ಬಿಟ್ಟಿಯಾಗಿ ಗೊತ್ತಾಗುತ್ತೆ. ನಾಲ್ಕು ಚಕ್ರ ಬದಲಾಯಿಸುವ ಬೆವರು ಅಷ್ಟೇ ಖರ್ಚು.

ಅವನು ಪ್ರತಿ ವಾರ ಹೋಗುವ ದಾರಿಯಲ್ಲೇ 60 ಕಿಲೋಮೀಟರ್ ಆರಿಸಿಕೊಂಡೆವು. ಏರಿಳಿತದ ರಸ್ತೆ. ಟ್ರೇಲರ್ ಹಿಂದೆ ಇತ್ತು. ಜಿಪಿಎಸ್ ನೋಡಿಕೊಂಡು ನಿಜವಾದ 90ಕ್ಕೆ ಕ್ರೂಸ್ ಕಂಟ್ರೋಲ್ ಹಾಕಿದ. ನನ್ನ ಕೆಲಸ ಪಕ್ಕದ ಸೀಟಿನಲ್ಲಿ ಕೂತು, ನಾಲ್ಕರಿಂದ ಮೂರಕ್ಕೆ ಬಿದ್ದಾಗಲೆಲ್ಲ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕುವುದು.

35ರ ಟೈರಿನಲ್ಲಿ 41 ಗೀಟು. ಮರುದಿನ ಹಳೆ ಟೈರಿನಲ್ಲಿ, ಅದೇ ರಸ್ತೆ, ಅದೇ ಟ್ರೇಲರ್, 26.

ಈ 26 ನನ್ನ ಲೆಕ್ಕವನ್ನು ಕೆಡಿಸಿತು. 4.10 ಹಾಕಿದರೂ ಇಷ್ಟು ಸಲ ಬೀಳುತ್ತೆ ಅಂತಾಯ್ತು. ಅದೂ ಹಳೆ ಟೈರ್ ಹಗುರ, ಕಿರಿದು. ತೂಕದ ಮೇಲಿಟ್ಟಾಗ ರಿಮ್ ಬಿಟ್ಟು ಹಳೆಯದು 19 ಕೆಜಿ, ಹೊಸದು 31 ಕೆಜಿ ಬಂದಿತ್ತು. ಹಾಗಾಗಿ ನಿಜವಾದ 4.10 ಇದಕ್ಕಿಂತ ಚೂರು ಕೆಟ್ಟದಾಗೇ ಇರುತ್ತಿತ್ತು. ಟೈರ್ ಮಾಡಿದ ಹಾನಿ 15 ಗೀಟು. ಉಳಿದದ್ದು ಬಂಪರ್, ವಿಂಚ್, ಟ್ರೇಲರ್, ಗಾಳಿಗೆ ಎದೆ ಕೊಟ್ಟು ನಿಂತಿರುವ ಆ ಮುಚ್ಚಳ. ಬರೀ ಟೈರ್ ಗುಣಾಕಾರ ಮಾಡಿ 4.10 ಹಾಕಿಸಿದ್ದರೆ ಕಂಪನಿ ಕೊಟ್ಟ ಎಳೆತ ವಾಪಸ್ ಬರುತ್ತಿತ್ತು. ಆದರೆ ಇದು ಕಂಪನಿ ಕೊಟ್ಟ ಗಾಡಿಯಾಗಿ ಉಳಿದಿಲ್ಲವಲ್ಲ.

ಉಳಿದದ್ದು 4.56 ಮತ್ತು 4.88.

4.88 ಬೇಡ ಅನ್ನೋಕೆ ನನ್ನ ಹತ್ತಿರ ದೊಡ್ಡ ಕಾರಣ ಇರಲಿಲ್ಲ. ಸಣ್ಣವು ಎರಡು ಮೂರು ಸೇರಿದವು. ಟ್ರೇಲರ್ ಇಲ್ಲದ ದಿನ ಅವನು 110ರಲ್ಲಿ ಗಂಟೆಗಟ್ಟಲೆ ಓಡಿಸುತ್ತಾನೆ. ಆಗ 4.56ರಲ್ಲಿ 2,180, 4.88ರಲ್ಲಿ 2,330 ಆರ್‌ಪಿಎಂ. ಎಂಜಿನ್‌ಗೆ ಇದು ಏನೂ ಅಲ್ಲ, ಕಿವಿಗೆ ಹೌದು. ಎರಡನೆಯದು ಪಿನಿಯನ್. ಅಂಕಿ ದೊಡ್ಡದಾದಷ್ಟೂ ಪಿನಿಯನ್ ತಲೆ ಚಿಕ್ಕದಾಗುತ್ತೆ, ಹಲ್ಲು ಕಮ್ಮಿ. ನಂತರ 11 ಹಲ್ಲಿನ ಹಳೆಯ ಪಿನಿಯನ್ ಮತ್ತು 9 ಹಲ್ಲಿನ ಹೊಸದನ್ನು ಒಂದೊಂದು ಕೈಯಲ್ಲಿ ಹಿಡಿದಾಗ ಇದು ಚೆನ್ನಾಗಿ ಕಂಡಿತು. ಒಂದು ಮುಷ್ಟಿ ತುಂಬುತ್ತೆ, ಇನ್ನೊಂದು ತುಂಬಲ್ಲ. 8 ಹಲ್ಲಿನದು ಇನ್ನೂ ಸಣ್ಣ. ಕಲ್ಲುಗಳ ನಡುವೆ ದೊಡ್ಡ ಟೈರ್ ಸಿಕ್ಕಿಕೊಂಡು ಚಕ್ರ ತಟ್ಟನೆ ಹಿಡಿದಾಗ ಪೆಟ್ಟು ತಿನ್ನುವುದು ಅದೇ ಹಲ್ಲುಗಳು. ಅವನು ಹೋಗುವುದು ಕೆಸರು, ಮಣ್ಣು ರಸ್ತೆ. ತೀರಾ ಬಂಡೆ ಹತ್ತುವವನಲ್ಲ. ಬಂಡೆಯವನಾಗಿದ್ದರೆ, ಹೆದ್ದಾರಿ ಓಟ ಇಲ್ಲದಿದ್ದರೆ, ನಾನೇ 4.88 ಅಥವಾ 5.13 ಅನ್ನುತ್ತಿದ್ದೆ, ಜೊತೆಗೆ ದೊಡ್ಡ ಆಕ್ಸಲ್ಲನ್ನೂ.

ಲೋ ರೇಂಜ್ (ಕಷ್ಟದ ದಾರಿಗೆ ಇರುವ ನಿಧಾನದ, ಜಾಸ್ತಿ ಎಳೆತದ ಗೇರ್) ಲೆಕ್ಕವೂ ನೋಡಿದೆವು. ಅದರಲ್ಲಿ ಟ್ರಾನ್ಸ್‌ಫರ್ ಕೇಸ್ ಅನುಪಾತ 2.72. ಅದಕ್ಕೆ ಮೊದಲ ಗೇರ್ 3.06, ಆಕ್ಸಲ್ 3.73 ಗುಣಿಸಿದರೆ 31. 4.56ಕ್ಕೆ ಅದು 38 ಸನಿಹ ಆಗುತ್ತೆ. ದೊಡ್ಡ ಟೈರ್ ತಿನ್ನುವ ಪಾಲು ಕಳೆದರೂ ಮೊದಲಿಗಿಂತ ಮೇಲೇ. ಸಾಕು.

4.56 ಅಂತ ನಿರ್ಧಾರ ಆಯ್ತು.

ಕ್ರೌನ್ ಪಿನಿಯನ್ ಬದಲಾವಣೆ

ಫೋರ್ ವೀಲ್ ಗಾಡಿಯಲ್ಲಿ ಎರಡೂ ಆಕ್ಸಲ್ ಬದಲಾಯಿಸಲೇಬೇಕು. "ಮುಂದಿನದನ್ನು ಮುಂದಿನ ತಿಂಗಳು ನೋಡೋಣ" ಅಂದ. ಹಾಗೆ ಬಿಟ್ಟರೆ ಅಷ್ಟು ದಿನ ಫೋರ್ ವೀಲ್ ಮುಟ್ಟೋ ಹಾಗಿಲ್ಲ. ಹಿಂದಿನ ಚಕ್ರ ಒಂದು ವೇಗ, ಮುಂದಿನದು ಇನ್ನೊಂದು ವೇಗ ಕೇಳುತ್ತೆ, ನಡುವೆ ಸಿಕ್ಕ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತೆ. ಒಟ್ಟಿಗೇ ಮಾಡಿಸಿದ.

ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್ ಕೂರಿಸುವ ಕ್ಯಾರಿಯರ್ ಕೂಡ ಬದಲಾಗಬೇಕು. ಪಿನಿಯನ್ ಚಿಕ್ಕದಾದಾಗ ಕ್ರೌನ್ ಅದರ ಹತ್ತಿರ ಬರಬೇಕಲ್ಲ. ಡಾನಾ 44 ಅನ್ನೋ ಆಕ್ಸಲ್ ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ. 3.73 ಮತ್ತು ಅದಕ್ಕಿಂತ ಕೆಳಗೆ ಒಂದು ಕ್ಯಾರಿಯರ್, 3.92 ಮತ್ತು ಮೇಲೆ ಇನ್ನೊಂದು. ನಮ್ಮ ಗಾಡಿಯಲ್ಲಿ ಆ ತಾಪತ್ರಯ ಇರಲಿಲ್ಲ. ಗೇರ್ ಕೊಳ್ಳುವ ಮೊದಲು ಕೇಳಿಕೊಳ್ಳಿ, ಬಿಚ್ಚಿದ ಮೇಲೆ ಗೊತ್ತಾದರೆ ಗಾಡಿ ಜಾಕ್ ಮೇಲೇ ಕೂರುತ್ತೆ.

ಜೋಡಿಸುವುದನ್ನು ನಾನು ನಿಂತು ನೋಡಿದೆ. ಮೆಕ್ಯಾನಿಕ್ ಕ್ರೌನ್‌ನ ನಾಲ್ಕೈದು ಹಲ್ಲಿಗೆ ಹಳದಿ ಪೇಸ್ಟ್ ಬಳಿದರು. ಕೈಯಿಂದ ಹಿಂದೆ ಮುಂದೆ ತಿರುಗಿಸಿದರು. ಪಿನಿಯನ್ ಹಲ್ಲು ಉಜ್ಜಿದ ಕಡೆ ಪೇಸ್ಟ್ ಹೋಗಿ ಲೋಹ ಹೊಳೆಯಿತು. ಆ ಗುರುತು ಹಲ್ಲಿನ ಬುಡದಲ್ಲಿ ಬಿದ್ದಿತ್ತು. "ಪಿನಿಯನ್ ಒಳಗೆ ಜಾಸ್ತಿ ಹೋಗಿದೆ ಸಾರ್," ಅಂದು ಪೂರ್ತಿ ಬಿಚ್ಚಿದರು. ಇನ್ನೂ ತೆಳ್ಳನೆಯ ಶಿಮ್ (ಅಂತರ ಸರಿಮಾಡುವ ಲೋಹದ ಬಿಲ್ಲೆ) ಹಾಕಿ ಮತ್ತೆ ಜೋಡಿಸಿದರು. ಮತ್ತೆ ಹಳದಿ. ಮೂರನೇ ಸಲಕ್ಕೆ ಗುರುತು ಹಲ್ಲಿನ ಎತ್ತರದ ನಡುವೆ ಬಂತು. ಹಲ್ಲುಗಳ ನಡುವಿನ ಪ್ಲೇ ಡಯಲ್ ಗೇಜ್‌ನಲ್ಲಿ 0.20 ಮಿಲಿಮೀಟರ್. ಸಾಮಾನ್ಯವಾಗಿ 0.15ರಿಂದ 0.25ರೊಳಗೆ ಇರಬೇಕು. ಗೇರ್ ಬದಲಾಯಿಸುವುದರಲ್ಲಿ ಕೂಲಿ ಹೋಗುವುದು ಈ ಬಿಚ್ಚಿ ಜೋಡಿಸುವ ತಾಳ್ಮೆಗೆ. ಇದರಲ್ಲಿ ಅವಸರ ಮಾಡುವವರ ಹತ್ತಿರ ಮಾಡಿಸಬೇಡಿ.

ಹಾಗಂತ ನಮ್ಮದು ಒಂದೇ ಏಟಿಗೆ ಸರಿಯಾಗಲಿಲ್ಲ. ಮೊದಲ ದಿನ 25 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಅರ್ಧ ಗಂಟೆ ತಣಿಯಲು ಬಿಟ್ಟು, ಮತ್ತೆ ಓಡಿಸಿ, ಎಲ್ಲಾ ಶಿಸ್ತಾಗಿ ಮಾಡಿದ್ದ. 800 ಕಿಲೋಮೀಟರ್ ತನಕ ಟ್ರೇಲರ್ ಕಟ್ಟಬಾರದು ಅನ್ನೋದನ್ನೂ ಪಾಲಿಸಿದ. ಆದರೂ 300ರ ಹತ್ತಿರ ಹಿಂದಿನಿಂದ ಒಂದು ಸಣ್ಣ ಕುಯ್ಯೋ ಸದ್ದು ಶುರುವಾಯಿತು. 70, 80ರಲ್ಲಿ ಕಾಲು ತೆಗೆದಾಗ ಮಾತ್ರ. ಬಿಚ್ಚಿ ನೋಡಿದರೆ ಪ್ಲೇ 0.33ಕ್ಕೆ ಹೋಗಿತ್ತು. ಕ್ಯಾರಿಯರ್‌ನ ಒಂದು ಬೇರಿಂಗ್ ಮೊದಲ ಸಲ ಪೂರ್ತಿ ಕೂತಿರಲಿಲ್ಲ. ಸರಿಮಾಡಿಕೊಟ್ಟರು. ಸದ್ದು ಮುಕ್ಕಾಲು ಪಾಲು ಹೋಯಿತು. ಕಿಟಕಿ ಮುಚ್ಚಿ, ಹಾಡು ನಿಲ್ಲಿಸಿ, ಹುಡುಕಿದರೆ ಈಗಲೂ ಕೇಳುತ್ತೆ. 800ಕ್ಕೆ ಆಯಿಲ್ ಬದಲಾಯಿಸಿದಾಗ ಅದರಲ್ಲಿ ನುಣುಪಾದ ಬೂದು ಪುಡಿ ಬಿಟ್ಟರೆ ಚೂರುಗಳೇನೂ ಇರಲಿಲ್ಲ.

ಮೀಟರ್ ಮಾತ್ರ ಈಗ ಇನ್ನೊಂದು ಕಡೆ ವಾಲಿತು. ಶಾಫ್ಟ್ ಮೊದಲಿಗಿಂತ ಜಾಸ್ತಿ ಸುತ್ತುತ್ತಿದೆ. ನಿಜವಾದ 100ಕ್ಕೆ ಮೀಟರ್ 112. ಆಟೋಮ್ಯಾಟಿಕ್ ಗೇರ್ ಬದಲಾಗುವುದೂ ಇದೇ ಸೆನ್ಸರ್ ನೋಡಿಕೊಂಡು. ಹಾಗಾಗಿ ಹಲ್ಲುಗಳ ಲೆಕ್ಕ, ಟೈರ್ ಸುತ್ತಳತೆ ಎರಡನ್ನೂ ಕಂಪ್ಯೂಟರ್‌ಗೆ ಹೊಸದಾಗಿ ತುಂಬಿಸಿದ ಮೇಲೇ ಗಾಡಿ ತನ್ನ ನಡಿಗೆಗೆ ಬಂತು. ಸೀಮೆಸುಣ್ಣದ 2,680 ಇಲ್ಲಿ ಮತ್ತೆ ಕೆಲಸಕ್ಕೆ ಬಂತು.

ಆಮೇಲೆ

ಅದೇ 60 ಕಿಲೋಮೀಟರ್, ಅದೇ ಟ್ರೇಲರ್, 90. ಗೀಟು 11. ಅವು ಬಿದ್ದದ್ದೂ ನಿಜವಾದ ಏರುಗಳಲ್ಲಿ, ಬೀಳಬೇಕಾದ ಕಡೆ.

ಮೈಲೇಜ್ ಬಗ್ಗೆ ಅವನಿಗೆ ದೊಡ್ಡ ಆಸೆ ಇತ್ತು. ಖಾಲಿ ಗಾಡಿಯಲ್ಲಿ 7.5 ಇದ್ದದ್ದು 7.5. ಟ್ರೇಲರ್ ಜೊತೆ 5.1ರಿಂದ 5.5ಕ್ಕೆ ಬಂತು. ಅಷ್ಟೇ. ದೊಡ್ಡ ಟೈರಿನ ಭಾರ, ಗಾಳಿಯ ತಡೆ ಗೇರಿನಿಂದ ಹೋಗುವುದಿಲ್ಲ. ಬ್ರೇಕ್ ಕೂಡ ಹಾಗೇ. ಟೈರ್ ಎತ್ತರವಾದಷ್ಟೂ ಅದೇ ಬ್ರೇಕಿನ ಹಿಡಿತ ನೆಲಕ್ಕೆ ಕಮ್ಮಿ ತಲುಪುತ್ತೆ, ಇಲ್ಲಿ 8.6 ಶೇಕಡಾ ಕಮ್ಮಿ. ಎಳೆತ ವಾಪಸ್ ಬಂದ ಖುಷಿಯಲ್ಲಿ ಅವನು ಇದನ್ನು ಮರೆತೇಬಿಟ್ಟಿದ್ದ. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರುವುದರಿಂದ ಸದ್ಯ ನಡೆಯುತ್ತಿದೆ. ಗಾಡಿಯ ಬ್ರೇಕ್ ದೊಡ್ಡದು ಮಾಡಿಸು ಅಂತ ನಾನು ಬೆನ್ನು ಬಿದ್ದಿದ್ದೇನೆ.

ಮೊನ್ನೆ ಫೋನ್ ಮಾಡಿದ. "ಈಗ ಗಾಡಿ ಎಷ್ಟು ಚೆನ್ನಾಗಿದೆ ಅಂದ್ರೆ, 37 ಹಾಕಿದ್ರೂ ಎಳೆಯುತ್ತೆ ಅನ್ಸುತ್ತೆ. ಅಲ್ವಾ?"

ಲೆಕ್ಕ ಹಾಕಿ ಹೇಳಿದೆ. 37 ಹಾಕಿದರೆ ಈಗಿನ 4.56 ಬರೀ 4.3ರ ಹಾಗೆ ಎಳೆಯುತ್ತೆ. ಈಗಿನಂತೆ ಇರಬೇಕಾದರೆ 4.82 ಬೇಕು, ಅಂದರೆ 4.88. ಎರಡೂ ಆಕ್ಸಲ್ ಮತ್ತೆ ಬಿಚ್ಚಬೇಕು, ಮತ್ತೆ ಹಳದಿ ಪೇಸ್ಟ್, ಮತ್ತೆ 800 ಕಿಲೋಮೀಟರ್ ಟ್ರೇಲರ್ ಇಲ್ಲ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಬ್ರೇಕ್ ಬಗ್ಗೆ ಏನೋ ಹೇಳ್ತಿದ್ದೆಯಲ್ಲ, ಅದನ್ನೇ ಮೊದಲು ನೋಡೋಣ ಬಿಡು," ಅಂದ.